ದುಭಾಷಿ

ಶಹಾಬಾದಿನ ಶಾಲೆಯ ಹಿಂಬದಿ ಮೆಟ್ಟಿಲು,
ಪರಸಿಕಲ್ಲು, ಹತ್ತೂವರೆಗೇ ಕಾದಿತ್ತು.
ಕೋಣೆ ಕೊಡ್ತೀವಿ ಎಂದಿದ್ದರು ಹೆಡ್‌ಮಾಸ್ತರು.
ಕೊಟ್ಟರು ಕೂಡ: ಒಳಗೆ ಬಿಸಿಯೂಟದ ತೊಗರಿಬೇಳೆ ಚೀಲ,
ಒಂದು ಮುರಿದ ಗ್ಲೋಬು, ಕೂರಲು ಜಾಗವಿಲ್ಲ.

ನಾನು ಮಹಜಬೀನ್, ಎಂ.ಎಸ್ಸಿ ಎರಡನೇ ವರ್ಷ.
ಚೀಲದಲ್ಲಿ ಮೂವತ್ತೆರಡು ಪ್ರಶ್ನೆಗಳ ಹಾಳೆ.
'ನಿನಗೆ ಆಗಾಗ್ಗೆ ಖಿನ್ನತೆಯ ಅನುಭವವಾಗುತ್ತದೆಯೇ?'
ಯಾವ ಊರಿನ ಕನ್ನಡವೋ ಇದು.
ನಮ್ಮ ಅಮ್ಮಿ ಅದಕ್ಕೆ ಜೀ ಘಬರಾನಾ ಅನ್ನುತ್ತಾಳೆ,
ಪಕ್ಕದ ಮನೆ ನಾಗಮ್ಮಾಯಿ, ಜೀವಕ್ಕ ಹಳಹಳಿ,
ಇಬ್ಬರೂ ಎದೆಯ ಒಂದೇ ಜಾಗ ಮುಟ್ಟಿ ತೋರಿಸುತ್ತಾರೆ.
ಹಾಳೆಗೆ ಎದೆಯಿಲ್ಲ:
ಯಾವಾಗಲೂ. ಕೆಲವೊಮ್ಮೆ. ಎಂದೂ ಇಲ್ಲ.

ಹೋದ ಸೆಮಿಸ್ಟರಿನಲ್ಲಿ ಮೌನ ಕಲಿತೆವು, ಆರು ಅಂಕಕ್ಕೆ.
ಎದುರಿನವರು ಸುಮ್ಮನಾದರೆ
ಏಳು ಎಣಿಸುವ ತನಕ ಬಾಯಿ ತೆರೆಯಬಾರದು.
ವೀರಭದ್ರ ನನ್ನ ಸಲಹಾರ್ಥಿಯಾಗಿ ಅತ್ತ,
ಎಷ್ಟು ಚೆನ್ನಾಗಿ ಅತ್ತನೆಂದರೆ ಅವತ್ತು ಅವನ ಚಾ ನಮ್ಮ ಲೆಕ್ಕದಲ್ಲಿ.
ಇನ್ನೊಂದು ಮನೆಪಾಠ: ನಿಮ್ಮೊಳಗಿನ ಪೂರ್ವಗ್ರಹ ಬರೆಯಿರಿ.
ತಾಂಡಾದವರ ಬಗ್ಗೆ ನಮ್ಮ ಓಣಿ ಆಡುವುದನ್ನು ನಾಲ್ಕು ಸಾಲು ಬರೆದೆ.
ನಮ್ಮ ಓಣಿಯ ಬಗ್ಗೆ ವೀರಭದ್ರ ಏನು ಬರೆದಾನು
ಅನ್ನಿಸಿ, ಮೂರನ್ನು ಹೊಡೆದುಹಾಕಿದೆ.
ಬಿರಾದಾರ ಮೇಡಂ ಅಂಚಿನಲ್ಲಿ ಕೆಂಪಗೆ ಬರೆದರು:
ಹೊಡೆದದ್ದೇ ಬೇಕಿತ್ತು.

ದೇವಕಿ ಪವಾರ, ಆರನೇತ್ತ.
ಚೀಟಿಯಲ್ಲಿ: 'ಮೊದಲು ಬಹಳ ಮಾತು. ದೀಪಾವಳಿಯಿಂದ ಇಲ್ಲ. ಕಿವಿ ಸರಿ ಇದೆ.'
ತಾಂಡಾದ ಹೆಂಗಸರಿಗೆಲ್ಲ ಇವಳೇ ಬಾಯಿ,
ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ.
ಪಾಲಕರ ಸಭೆಯಲ್ಲಿ ತನ್ನ ಮೇಲಿನ ದೂರನ್ನೇ
ಯಾಡಿಗೆ ತಿಳಿಸಿ ಹೇಳಿದವಳು,
ಸ್ವಲ್ಪ ಸಕ್ಕರೆ ಬೆರೆಸಿ.

ಕಲಿಸಿದ ಹಾಗೆ ಎದುರು ಕೂತೆ. ಅವಳು ನೆಲ ನೋಡಿದಳು.
'ದೃಷ್ಟಿ ಸಂಪರ್ಕ: ಕಳಪೆ' ಎಂದು ಬರೆದೆ.
ಬರೆದ ಮೇಲೆ ನೆನಪಾಯಿತು,
ಅಬ್ಬಾ ಮಾತಾಡುವಾಗ ನಾನು
ಇಪ್ಪತ್ಮೂರು ವರ್ಷ ಚಾಪೆ ನೋಡಿದ್ದೇನೆ.
ಎದ್ದು ಅವಳ ಬಗಲಿಗೆ ಹೋಗಿ ಕೂತೆ.
ಇಬ್ಬರೂ ಹ್ಯಾಂಡ್‌ಪಂಪು ನೋಡಿದೆವು.
ಏಳು ದಾಟಿತು. ಎಪ್ಪತ್ತು ದಾಟಿತು.
ಹುಡುಗರು ಬಂದು ನೀರು ಕುಡಿದು, ಒಬ್ಬರಿಗೊಬ್ಬರು ಎರಚಿ, ಹೋದರು.

ಆಮೇಲೆ ಅವಳು ಮಾತಾಡಿದಳು,
ಗಂಡುದನಿಯಲ್ಲಿ, ಗಡಿಯಾರ ನೋಡುತ್ತ ಆಡುವ ಕನ್ನಡದಲ್ಲಿ:
ನಿಮ್ಮವ್ವಗ ಹೇಳು. ಕೂಸು ಉಳಿಯಂಗಿಲ್ಲ.
ಆ ಕಡೆ ತಿರುಗಿ ಯಾಡಿಯಾದಳು,
ಮುಖವೆತ್ತಿ ಬರೀ ಕಣ್ಣಲ್ಲಿ ಕೇಳಿದಳು.
ಮತ್ತೆ ಈ ಕಡೆ ತಿರುಗಿ ತಾನಾದಳು.
ಅವರ ಮಾತಿನ ಮೂರೇ ಶಬ್ದ.
ನನಗೆ ತಿಳಿದದ್ದು ಒಂದು, ಯಾಡಿ.
ಉಳಿದೆರಡನ್ನು ರೂಢಿಬಲದಿಂದ
ಅವಳೇ ನನಗೆ ಕನ್ನಡ ಮಾಡಿಕೊಟ್ಟಳು:
ಚಲೋ ಆಗ್ತಾನಂತ.

ಆ ರಾತ್ರಿ ದವಾಖಾನಿ ವರಾಂಡದಾಗ ಯಾಡಿ ನಿದ್ದಿ ಮಾಡಿದಳಂತೆ,
ಎಷ್ಟೋ ದಿನಕ್ಕ.
ಮುಂಜಾನಿ ಎದ್ದಾಗ...
ಅಲ್ಲಿಗೇ ನಿಲ್ಲಿಸಿದಳು.

ಕಂಪನಿಯ ನೋಟಿಸು ಅಬ್ಬಾನಿಗೆ ಓದಿ ಹೇಳಿದಾಗ
ನನಗೂ ಹನ್ನೊಂದೇ. ಹೇಳಲಿಲ್ಲ.
ನಮ್ಮ ಕತೆ ಹೇಳುವುದಕ್ಕೂ ನಿಯಮವಿದೆ, ಪುಟ ತೊಂಬತ್ತು.
ನಿಯಮಕ್ಕೆ ಹೆದರಿ ಅಲ್ಲ. ಜಾಗ ಅವಳದಾಗಿತ್ತು.

ಹಾಳೆ ಎಳೆದುಕೊಂಡು ಕೇಳಿದಳು,
ಅಕ್ಕಾ, ಖಿನ್ನತಿ ಅಂದ್ರೇನ್ರಿ?
ನನ್ನ ಕೈ ತಾನಾಗಿ ಅಮ್ಮಿಯ ಜಾಗಕ್ಕೆ ಹೋಯಿತು.
ಹೂಂ, ಅಂದಳು.

ಶನಿವಾರ ಕಲಬುರಗಿಯಲ್ಲಿ ಮೇಡಂ ಕೇಳಿದರು,
ನೀ ಏನು ಹೇಳಿದಿ?
ಏನಿಲ್ಲ ಮೇಡಂ. ಬಿಸಿಲು ಬಂತು, ಸರಿದು ಕೂತ್ವಿ.
ಕಳಪೆ ಅನ್ನುವುದನ್ನು ನಾನು ಹೊಡೆದಿರಲಿಲ್ಲ, ಅವರಿಗೆ ಕಾಣಲೆಂದು.
ಇನ್ನು ತಾಯಿಯನ್ನು ಕರೆಸಬೇಕು.
ದುಭಾಷಿ ಬೇಕು: ದೊಡ್ಡವರು, ಸಂಬಳದವರು,
ರಾತ್ರಿ ಬೇರೆ ಮನೆಗೆ ಹೋಗಿ ಮಲಗುವವರು.
ಅರ್ಜಿ ಕೊಟ್ಟಿದ್ದೇನೆ. ಆಫೀಸಿನಲ್ಲಿ ಹೇಳಿದರು,
ಅದಕ್ಕೊಂದು ಹೆಡ್ಡೇ ಇಲ್ಲ.
ಮಕ್ಕಳು ಇರ್ತಾವಲ್ಲ, ಅಂದರು.

ಬುಧವಾರ ಒಂಬತ್ತಕ್ಕೇ ಮುಟ್ಟಬೇಕು,
ಕಲ್ಲು ಕಾಯುವ ಮೊದಲು.